ಅರಿವಿಗೊಂದು ಕುರುಹು: ಶ್ರೀರಂಗಪಟ್ಟಣದ ಯುದ್ಧಕಾಲದ ಒಂದು ವೈದ್ಯಚಿತ್ರದ ಚರಿತ್ರೆ

ವಿದ್ಯೆಯು ಲೋಕದಲ್ಲಿ ಉಳಿದುಬರುವ ಮಾರ್ಗಗಳು ಮೂರು. ಬಾಯಿಂದ ಕಿವಿಗೆ ಬರುವುದೊಂದು. ಓಲೆಯಿಂದ ಕಣ್ಣಿಗೆ ಬರುವುದು ಮತ್ತೊಂದು. ಗುರುವಿನ ಕೈಯಿಂದ ಶಿಷ್ಯನ ಕೈಗೆ ಬರುವುದು ಮೂರನೆಯದು. ಆಗಮಗಳೂ ವ್ಯಾಕರಣ ತರ್ಕಾದಿ ಶಾಸ್ತ್ರಗಳೂ ಮೊದಲಿನ ಎರಡು ಮಾರ್ಗಗಳಿಂದ ನಡೆದುಬಂದುವು. ಕಮ್ಮಾರ, ಬಡಗಿ, ಕುಂಬಾರ, ಅಕ್ಕಸಾಲಿಗರ ವಿದ್ಯೆಯೂ ಶಸ್ತ್ರವೈದ್ಯನ ವಿದ್ಯೆಯೂ ಮೂರನೆಯ ಮಾರ್ಗವನ್ನೇ ಹೆಚ್ಚಾಗಿ ನೆಚ್ಚಿದುವು. ಈ ಮೂರನೆಯ ಮಾರ್ಗಕ್ಕೆ ಒಂದು ದೊಡ್ಡ ಅಪಾಯವುಂಟು. ಬಲ್ಲವನ ಕೈ ಶಿಷ್ಯನಿಲ್ಲದೆ ಅಡಗಿದರೆ ವಿದ್ಯೆಯೂ ಅದರೊಡನೆಯೇ ಅಡಗಿಹೋಗುವುದು. ಶರೀರದ ರಚನೆಯನ್ನೂ ರೋಗದ ಲಕ್ಷಣವನ್ನೂ ಶಸ್ತ್ರಕರ್ಮದ ಕ್ರಮವನ್ನೂ ಕಣ್ಣಿಗೆ ಕಾಣುವಂತೆ ರೇಖೆಗಳಲ್ಲಿ ಬರೆದಿಟ್ಟು ಈ ಅಪಾಯವನ್ನು ತಪ್ಪಿಸುವ ಕಲೆಯೇ ವೈದ್ಯಚಿತ್ರಕಲೆ.

ಶರಣಸಿದ್ಧಾಂತದಲ್ಲಿ ಅರಿವು, ಕುರುಹು ಎಂಬ ಎರಡು ಶಬ್ದಗಳು ಸದ್ಭಕ್ತರಿಗೆಲ್ಲ ಪರಿಚಿತವಾದುವು. ನಿರಾಕಾರವಾದ ಅರಿವು ಸಾಧಕನ ಅನುಭವಕ್ಕೆ ಬರಬೇಕಾದರೆ ಕಣ್ಣಿಗೆ ಕಾಣುವ, ಕೈಗೆ ಸಿಕ್ಕುವ ಕುರುಹೊಂದು ಬೇಕು. ಕರಸ್ಥಲದ ಇಷ್ಟಲಿಂಗವೇ ಆ ಕುರುಹು. ಕುರುಹನ್ನು ಮಾತ್ರ ಹಿಡಿದು ಅರಿವನ್ನು ಮರೆತವನೂ, ಕುರುಹಿಲ್ಲದೆಯೇ ಅರಿವನ್ನು ಹಿಡಿಯಹೊರಟವನೂ ಸಮಾನವಾಗಿ ತೊಳಲುವರೆಂಬುದು ಗುರುಹಿರಿಯರ ಬೋಧೆ. ಪರಮಾರ್ಥಕ್ಕೆ ಹೇಳಿದ ಈ ಮಾತು ಲೌಕಿಕ ವಿದ್ಯೆಗಳಿಗೂ ಒಂದು ಮಟ್ಟಿಗೆ ಸಲ್ಲುವುದು. ಒಬ್ಬ ಅಜ್ಞಾತ ಕುಶಲಕರ್ಮಿಯ ಕೈಯಲ್ಲಿದ್ದ ಅರಿವು ಚಿತ್ರವೆಂಬ ಕುರುಹನ್ನು ಪಡೆದೊಡನೆ ಸಮುದ್ರವನ್ನು ದಾಟಿ ಲೋಕಕ್ಕೆಲ್ಲ ಉಪಕಾರವಾದ ಸಂಗತಿಯು ಬೆಳ್ಳೂರು, ನಾಗಮಂಗಲ, ಶ್ರೀರಂಗಪಟ್ಟಣಗಳ ಈ ಸೀಮೆಯ ಯುದ್ಧಚರಿತ್ರೆಯೊಡನೆ ಹೆಣೆದುಕೊಂಡಿರುವುದು. ಅದರ ವಿವರವು ತಿಳಿಯತಕ್ಕದ್ದಾಗಿದೆ.

ಭರತಖಂಡದ ಪ್ರಾಚೀನ ವೈದ್ಯರು ಶಸ್ತ್ರಕರ್ಮದಲ್ಲಿ ನಿಪುಣರಾಗಿದ್ದರೆಂಬುದಕ್ಕೆ ಸುಶ್ರುತಸಂಹಿತೆಯೇ ಪ್ರಮಾಣ. ಅದರಲ್ಲಿ ನೂರೊಂದು ಯಂತ್ರಗಳೂ ಇಪ್ಪತ್ತು ಶಸ್ತ್ರಗಳೂ ಹೇಳಲ್ಪಟ್ಟಿವೆ. ಯಂತ್ರಗಳೆಲ್ಲದರಲ್ಲಿಯೂ ವೈದ್ಯನ ಕೈಯೇ ಪ್ರಧಾನವಾದ ಯಂತ್ರವೆಂದು ಆ ಆಚಾರ್ಯನು ಎಣಿಸಿರುವನು. ಆದರೆ ಆ ಗ್ರಂಥವು ಈ ಉಪಕರಣಗಳನ್ನು ತಿಳಿಸುವ ರೀತಿಯು ವಿಚಾರಾರ್ಹವಾಗಿದೆ. ಒಂದು ಇಕ್ಕುಳದ ಬಾಯಿ ಸಿಂಹದ ಬಾಯಿಯಂತೆ, ಇನ್ನೊಂದರದು ಹುಲಿಯದರಂತೆ, ಮತ್ತೊಂದರದು ಕಾಗೆಯ ಕೊಕ್ಕಿನಂತೆ, ಕಂಕಪಕ್ಷಿಯ ಕೊಕ್ಕಿನಂತೆ ಎಂದು ಪ್ರಾಣಿಗಳ ಹೋಲಿಕೆಯಿಂದಲೇ ಅವುಗಳ ಆಕಾರವನ್ನು ಹೇಳಿದೆ. ಇದೂ ಚಿತ್ರವೇ ಸರಿ. ಆದರೆ ಮಾತಿನಲ್ಲಿ ಬರೆದ ಚಿತ್ರ. ಕಂಕಪಕ್ಷಿಯನ್ನು ಕಂಡವನಿಗೆ ಆ ಯಂತ್ರವು ಒಡನೆಯೇ ಮನಸ್ಸಿಗೆ ಬರುವುದು. ಕಾಣದವನಿಗೆ ಗುರುವೇ ಕೈಯಲ್ಲಿ ಹಿಡಿದು ತೋರಿಸಬೇಕು. ಶಿಷ್ಯನು ಕುಂಬಳ, ಸೋರೆ, ಸೌತೆ ಮೊದಲಾದ ಕಾಯಿಗಳ ಮೇಲೆ ಕೊಯ್ಯುವುದನ್ನು ಅಭ್ಯಾಸ ಮಾಡಬೇಕೆಂದೂ, ಮೃತಶರೀರವನ್ನು ಹುಲ್ಲಿನಿಂದ ಸುತ್ತಿ ಹರಿಯುವ ನೀರಿನಲ್ಲಿ ಏಳು ರಾತ್ರಿ ಇರಿಸಿ ಬಳಿಕ ಪದರಪದರವಾಗಿ ಒಳಗಿನ ಅಂಗಗಳನ್ನು ಕಣ್ಣಾರೆ ನೋಡಬೇಕೆಂದೂ ಆ ಸಂಹಿತೆಯು ವಿಧಿಸುವುದು. ಓದಿದ್ದು ಮಾತ್ರ ಸಾಲದು, ನೋಡಿಯೂ ಇರಬೇಕೆಂಬುದು ಅದರ ಅಭಿಪ್ರಾಯ. ಆದರೆ ಒಮ್ಮೆ ನೋಡಿದುದನ್ನು ಮುಂದಿನವರಿಗಾಗಿ ಹಿಡಿದಿಡುವುದಕ್ಕೆ ಶ್ಲೋಕವೊಂದೇ ಸಾಧನವಾಗಿದ್ದಿತು.

ಕನ್ನಡನಾಡಿನಲ್ಲಿಯೂ ವೈದ್ಯಗ್ರಂಥಗಳ ಪರಂಪರೆಯು ದೀರ್ಘವಾದುದು. ಚಾಲುಕ್ಯರಾಜಕುಮಾರನಾದ ಕೀರ್ತಿವರ್ಮನು ಹನ್ನೆರಡನೆಯ ಶತಮಾನದಲ್ಲಿ ಗೋವೈದ್ಯವನ್ನು ಬರೆದನು. ಅದೇ ಶತಮಾನದಲ್ಲಿ ಜಗದ್ದಳ ಸೋಮನಾಥನು ಕರ್ಣಾಟಕ ಕಲ್ಯಾಣಕಾರಕವನ್ನು ರಚಿಸಿದನು. ಹದಿನಾಲ್ಕನೆಯ ಶತಮಾನದ ಮಂಗರಾಜನ ಖಗೇಂದ್ರಮಣಿದರ್ಪಣವು ವಿಷವೈದ್ಯಕ್ಕೆ ಹೆಸರಾದುದು. ಇವೆಲ್ಲವೂ ಪದ್ಯದಲ್ಲಿ ಕಟ್ಟಲ್ಪಟ್ಟ ಗ್ರಂಥಗಳು, ಬಾಯಿಪಾಠಕ್ಕೆ ಅನುಕೂಲವಾದುವು. ಬಸವಾದಿ ಶರಣರ ಗಣದಲ್ಲಿ ವೈದ್ಯ ಸಂಗಣ್ಣನೆಂಬ ಶರಣನು ವೈದ್ಯಕಾಯಕವನ್ನು ಮಾಡುತ್ತ ಅದರ ಪರಿಭಾಷೆಯಿಂದಲೇ ತತ್ತ್ವವನ್ನು ವಚನಗಳಲ್ಲಿ ಹೇಳಿರುವನು. ಮದ್ದಿನ ಗುಣ, ಪಥ್ಯದ ಕ್ರಮ, ನಾಡಿಯ ಲಕ್ಷಣ ಇವುಗಳನ್ನು ಮಾತಿನಲ್ಲಿ ಹೇಳಬಹುದು. ಕತ್ತಿಯು ಚರ್ಮದಲ್ಲಿ ಎಲ್ಲಿ ತೊಡಗಿ ಎಲ್ಲಿ ನಿಲ್ಲಬೇಕೆಂಬುದನ್ನು ಮಾತಿನಲ್ಲಿ ಹೇಳುವುದು ಕಷ್ಟ.

ಈ ಕಷ್ಟವು ಎಷ್ಟೆಂಬುದನ್ನು ನಾಸಾಸಂಧಾನದ, ಎಂದರೆ ಕಡಿದುಹೋದ ಮೂಗನ್ನು ಮರಳಿ ಕೂಡಿಸುವ ವಿದ್ಯೆಯ, ಚರಿತ್ರೆಯಿಂದ ತಿಳಿಯಬಹುದು. ಮೂಗು ಮುಖಕ್ಕೆ ಭೂಷಣವಷ್ಟೇ ಆಗಿರದೆ ಮಾನದ ಗುರುತೂ ಆಗಿದ್ದಿತು. ಮೂಗು ಕೊಯ್ಯಿಸಿಕೊಂಡವನು ಬದುಕಿದ್ದರೂ ಸಭೆಗೆ, ಮದುವೆಗೆ, ಸಂತೆಗೆ ಮುಖವೆತ್ತಿ ಬರಲಾರನು. ಆದಕಾರಣವೇ ಪೂರ್ವದಲ್ಲಿ ಅದನ್ನು ಶಿಕ್ಷೆಯಾಗಿ ವಿಧಿಸುತ್ತಿದ್ದರು. ಆದಕಾರಣವೇ ಅದನ್ನು ಸರಿಪಡಿಸುವ ವಿದ್ಯೆಯೂ ಈ ದೇಶದಲ್ಲಿ ಬೆಳೆಯಿತು. ಹೋದ ಮೂಗಿನ ಅಳತೆಗೆ ಸರಿಯಾದ ಮರದ ಎಲೆಯೊಂದನ್ನು ತೆಗೆದುಕೊಂಡು, ಆ ಪ್ರಮಾಣದ ಚರ್ಮವನ್ನು ಕೆನ್ನೆಯಿಂದ ಬಿಡಿಸಿ, ಒಂದು ಕಡೆ ಅಂಟಿಕೊಂಡಿರುವಂತೆಯೇ ತಿರುಗಿಸಿ ಮೂಗಿನೆಡೆಯಲ್ಲಿ ಕೂಡಿಸಿ, ಉಸಿರಾಡುವುದಕ್ಕೆ ಎರಡು ನಾಳಗಳನ್ನಿಟ್ಟು ಕಟ್ಟಬೇಕೆಂದು ಸುಶ್ರುತನು ಹೇಳಿರುವನು. ಕಾಲಾಂತರದಲ್ಲಿ ಕೆನ್ನೆಗೆ ಬದಲಾಗಿ ಹಣೆಯ ಚರ್ಮವನ್ನು ತೆಗೆಯುವ ಕ್ರಮವು ರೂಢಿಗೆ ಬಂದಿತು.

ಹಣೆಯ ಚರ್ಮದ ಈ ಕ್ರಮವನ್ನು ಕಂಡು ಬರೆದ ಒಂದು ಹಳೆಯ ವರ್ಣನೆಯು ಕರ್ಣಾಟಕದ ನೆಲಕ್ಕೇ ಸಂಬಂಧಪಟ್ಟುದು. ಕ್ರಿ. ಶ. ೧೬೮೬ರಲ್ಲಿ ಔರಂಗಜೇಬನ ಸೇನೆಯು ವಿಜಾಪುರವನ್ನು ಮುತ್ತಿದ್ದಾಗ, ಹುಲ್ಲು ತರುವುದಕ್ಕೆ ಪಾಳೆಯದಿಂದ ಹೊರಹೋದ ಬಡಪಾಯಿಗಳನ್ನು ವಿಜಾಪುರದವರು ಹಿಡಿದು ಮೂಗುಗಳನ್ನು ಕೊಯ್ದು ಕಳುಹಿಸುತ್ತಿದ್ದರಂತೆ. ಆಗ ಈ ದೇಶದ ವೈದ್ಯರು ಹುಬ್ಬುಗಳ ಮೇಲಿನ ಹಣೆಯ ಚರ್ಮವನ್ನು ಕತ್ತರಿಸಿ ಕೆಳಕ್ಕೆ ಇಳಿಸಿ, ಹಸಿ ಮಾಂಸಕ್ಕೆ ಹಸಿ ಮಾಂಸವು ತಾಗುವಂತೆ ಒಂದು ತಿರುವು ಕೊಟ್ಟು ಹೊಸ ಮೂಗನ್ನು ಮಾಡುತ್ತಿದ್ದರೆಂದೂ, ಅಂಥವರನೇಕರನ್ನು ತಾನು ನೋಡಿದುದಾಗಿಯೂ ನಿಕೊಲಾವ್ ಮನೂಚಿಯೆಂಬ ವೆನಿಸ್ ನಗರದ ಪ್ರವಾಸಿಯು ಬರೆದಿಟ್ಟನು. ವರ್ಣನೆಯು ಸ್ಪಷ್ಟವಾಗಿಯೇ ಇದೆ. ಆದರೆ ಅದು ಬರಿಯ ಮಾತಿನ ವರ್ಣನೆ. ಬರೆದವನು ಶಸ್ತ್ರಕರ್ಮದ ಅಳತೆಗಳನ್ನು ಗುರುತಿಸಲಿಲ್ಲ. ಅವನ ಗ್ರಂಥದ ಪೂರ್ಣವಾದ ಆಂಗ್ಲಭಾಷಾಂತರವು ಅಚ್ಚಾದುದು ೧೯೦೭–೦೮ರಲ್ಲಿ. ಹೀಗಾಗಿ ವಿಜಾಪುರದ ವೈದ್ಯರ ಅರಿವಿನಿಂದ ಹೊರಗಿನ ವೈದ್ಯಲೋಕಕ್ಕೆ ಪ್ರಯೋಜನವಾಗಲಿಲ್ಲ. ಅದೇ ವಿದ್ಯೆಯು ಇನ್ನೊಮ್ಮೆ ಲೋಕದ ಕಣ್ಣಿಗೆ ಬೀಳುವುದಕ್ಕೆ ನೂರಕ್ಕೂ ಮೇಲ್ಪಟ್ಟ ವರ್ಷಗಳು ಹಿಡಿದುವು. ಆ ಸಂದರ್ಭವನ್ನು ಒದಗಿಸಿದುದು ಶ್ರೀರಂಗಪಟ್ಟಣದ ಯುದ್ಧ.

ಹೊಯ್ಸಳರ ಕಾಲದ ಆದಿಮಾಧವರಾಯನ ಗುಡಿಯಿಂದ ಪ್ರಸಿದ್ಧವಾದ ಬೆಳ್ಳೂರು, ಅದರ ತೆಂಕಣಕ್ಕೆ ನಾಗಮಂಗಲ, ಮೇಲುಕೋಟೆ, ಈಗ ಪಾಂಡವಪುರವೆಂದು ಕರೆಯುವ ಹಿರೋಡೆ, ಕಾವೇರಿಯ ನಡುಗಡ್ಡೆಯಲ್ಲಿ ಶ್ರೀರಂಗಪಟ್ಟಣ — ಇವು ಒಂದೇ ಸೀಮೆಯ ಊರುಗಳು. ೧೭೯೦ರಿಂದ ೧೭೯೨ರ ವರೆಗೆ ಟಿಪ್ಪೂಸುಲ್ತಾನನಿಗೂ ಆಂಗ್ಲ, ಮರಾಠ, ನಿಜಾಮರ ಕೂಟಕ್ಕೂ ನಡೆದ ಯುದ್ಧದಲ್ಲಿ ಈ ಸೀಮೆಯು ಬಹಳ ನೊಂದಿತು. ಪರಶುರಾಮಭಾವುವಿನ ಮರಾಠಸೇನೆಯಿಂದ ನಾಗಮಂಗಲವು ಹಾಳಾಯಿತು. ೧೭೯೧ರ ಮೇ ತಿಂಗಳಲ್ಲಿ ಗವರ್ನರ್ ಜನರಲ್ ಕಾರ್ನವಾಲಿಸನು ಅರಕೆರೆಯ ಬಳಿ ಕಾದಿ ಶ್ರೀರಂಗಪಟ್ಟಣದ ಸಮೀಪಕ್ಕೆ ಬಂದರೂ ಮುಂದುವರಿಯಲಾರದೆ ಹೋದನು. ಕಾರಣವೇನೆಂದರೆ ಮೇವಿಲ್ಲದೆ ಅವನ ಎತ್ತುಗಳು ಸಾಲುಸಾಲಾಗಿ ಸತ್ತುವು. ಎತ್ತಿಲ್ಲದೆ ಫಿರಂಗಿಯಿಲ್ಲ, ಅಕ್ಕಿಯಿಲ್ಲ. ಅವನು ತನ್ನ ಭಾರಿ ಫಿರಂಗಿಗಳನ್ನು ಕನ್ನಂಬಾಡಿಯ ಬಳಿ ತಾನೇ ಕೆಡಿಸಿ ಹಿಂದಿರುಗಬೇಕಾಯಿತು. ಎರಡನೆಯ ಬಾರಿ ೧೭೯೨ರ ಫೆಬ್ರವರಿಯಲ್ಲಿ ಬಂದು ಕೋಟೆಯನ್ನು ಮುತ್ತಿದನು. ಮಾರ್ಚಿ ತಿಂಗಳಲ್ಲಿ ಸಂಧಿಯಾಯಿತು.

ಯುದ್ಧದಲ್ಲಿ ಎತ್ತಿಗೆ ಇಷ್ಟು ಬೆಲೆಯಿದ್ದ ಮೇಲೆ ಎತ್ತು ಹೊಡೆಯುವವನಿಗೂ ಅಪಾಯವು ಅಷ್ಟೇ ಇದ್ದಿತು. ಆಂಗ್ಲಸೇನೆಯ ಎತ್ತುಗಳನ್ನು ಹೊಡೆಯುತ್ತಿದ್ದವರಲ್ಲಿ ಕಾವಸಜಿಯೆಂಬ ಮರಾಠ ಒಕ್ಕಲಿಗನೊಬ್ಬನಿದ್ದನು. ೧೭೯೨ರ ಯುದ್ಧದಲ್ಲಿ ಇವನು ಸುಲ್ತಾನನ ಕಡೆಯವರಿಗೆ ಸೆರೆಸಿಕ್ಕಲಾಗಿ, ಅವನ ಮೂಗನ್ನೂ ಒಂದು ಕೈಯನ್ನೂ ಕಡಿಸಿ ಬಿಟ್ಟರೆಂದು ಆಂಗ್ಲರ ಬರಹವು ಹೇಳುವುದು. ಆ ಸ್ಥಿತಿಯಲ್ಲಿಯೇ ಅವನು ಶ್ರೀರಂಗಪಟ್ಟಣದ ಸಮೀಪದಲ್ಲಿ ಬೊಂಬಾಯಿಯ ಸೇನೆಯನ್ನು ಸೇರಿದನು. ಮುಂದೆ ಕಂಪನಿಯಿಂದ ಅವನಿಗೆ ಜೀವನಾಂಶವು ದೊರೆಯಿತು. ಆ ಬರಹವನ್ನು ಬರೆದವರು ಸುಲ್ತಾನನ ವೈರಿಗಳ ಪಕ್ಷದವರೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಈ ಕ್ರೂರಶಿಕ್ಷೆಯು ಒಬ್ಬ ಅರಸನದಾಗಲಿ ಒಂದು ಮತದ್ದಾಗಲಿ ಆಗಿರಲಿಲ್ಲ. ಮೈಸೂರಿನ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಮಧುರೆಯ ತಿರುಮಲನಾಯಕನೊಡನೆ ನಡೆದ ಕಾಳಗಕ್ಕೆ ಮೂಗಿನ ಯುದ್ಧವೆಂದೇ ಹೆಸರು ಬಂದಿದೆ. ವಿಜಾಪುರದ ಸಂಗತಿಯನ್ನು ಮೇಲೆ ಹೇಳಿದೆ. ದೊರೆಗಳ ಜಗಳದಲ್ಲಿ ಮೂಗು ಕಳೆದುಕೊಂಡವರು ಎಲ್ಲ ಕಡೆಯೂ ಹುಲ್ಲು ತರುವವರು, ಎತ್ತು ಹೊಡೆಯುವವರು, ಬಡ ಕಾಲಾಳುಗಳು.

ಕಾವಸಜಿಯು ಹನ್ನೆರಡು ತಿಂಗಳಿಗೂ ಹೆಚ್ಚು ಕಾಲ ಮೂಗಿಲ್ಲದೆಯೇ ಇದ್ದನು. ಬಳಿಕ ೧೭೯೩ರ ಮೊದಲ ಭಾಗದಲ್ಲಿ ಪುಣೆಯ ಸಮೀಪದಲ್ಲಿ ಇಟ್ಟಿಗೆ ಮಾಡುವ ಕುಲದವನೊಬ್ಬನು ಅವನಿಗೆ ಹೊಸ ಮೂಗನ್ನು ಮಾಡಿಕೊಟ್ಟನು. ಮರಾಠದೇಶದಲ್ಲಿ ಇಟ್ಟಿಗೆ ಸುಡುವುದು ಕುಂಬಾರರ ಕೆಲಸವಾದುದರಿಂದ ಆ ಶಸ್ತ್ರವೈದ್ಯನು ಕುಂಬಾರನೆಂದು ಇತಿಹಾಸಜ್ಞರು ಭಾವಿಸಿರುವರು. ಬೊಂಬಾಯಿ ಆಧಿಪತ್ಯದ ವೈದ್ಯರಾದ ಥಾಮಸ್ ಕ್ರೂಸೋ ಮತ್ತು ಜೇಮ್ಸ್ ಫಿಂಡ್ಲೇ ಎಂಬ ಇಬ್ಬರು ಈ ಶಸ್ತ್ರಕರ್ಮವನ್ನು ಕಣ್ಣಾರೆ ಕಂಡಿದ್ದರು.

ಅದರ ಕ್ರಮವು ಹೀಗಿದ್ದಿತು. ಮೊದಲು ತೆಳ್ಳನೆಯ ಮೇಣದ ಹಾಳೆಯೊಂದನ್ನು ಮೊಂಡುಮೂಗಿನ ಮೇಲಿಟ್ಟು ಅಂದವಾದ ಮೂಗಿನ ಆಕಾರವನ್ನು ತಿದ್ದುವನು. ಆ ಮೇಣವನ್ನು ತೆಗೆದು ಚಪ್ಪಟೆ ಮಾಡಿ ಹಣೆಯ ಮೇಲೆ ಇಟ್ಟು ಅದರ ಸುತ್ತಲೂ ಗೆರೆಯನ್ನು ಎಳೆಯುವನು. ಗೆರೆಯೊಳಗಿನ ಚರ್ಮವನ್ನು ಬಿಡಿಸುವಾಗ ಎರಡು ಕಣ್ಣುಗಳ ನಡುವೆ ಒಂದು ಕಿರಿದಾದ ಪಟ್ಟಿಯನ್ನು ಮಾತ್ರ ಕತ್ತರಿಸದೆ ಉಳಿಸುವನು. ಮೊಂಡುಮೂಗಿನ ಅಂಚಿನ ಹಳೆಯ ಕಲೆಯನ್ನು ಹೆರೆದು ಹಸಿಮಾಡಿ, ಅದರ ಹಿಂದೆಯೇ ಹೊಳ್ಳೆಗಳ ಸುತ್ತಲೂ ಮೇಲ್ದುಟಿಯ ಮೇಲೂ ಒಂದು ಗಾಯದ ಗೆರೆಯನ್ನು ಕೊಯ್ಯುವನು. ಹಣೆಯ ಚರ್ಮವನ್ನು ಅರ್ಧ ಸುತ್ತು ತಿರುಗಿಸಿ ಕೆಳಕ್ಕೆ ತಂದು ಅದರ ಅಂಚನ್ನು ಆ ಗೆರೆಯೊಳಕ್ಕೆ ಸೇರಿಸುವನು. ಕಾಚನ್ನು ನೀರಿನಲ್ಲಿ ಮೆತ್ತಗೆ ಮಾಡಿ ಬಟ್ಟೆಯ ಪಟ್ಟಿಗಳಿಗೆ ಸವರಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಹಾಕುವನು. ನಾಲ್ಕು ದಿನ ಮತ್ತೇನನ್ನೂ ಮಾಡದೆ, ಆಮೇಲೆ ಅವುಗಳನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆಯನ್ನು ಹಾಕುವನು. ಐದಾರು ದಿನ ರೋಗಿಯು ಅಂಗಾತನಾಗಿ ಮಲಗಿರಬೇಕು. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆಯ ತುಂಡುಗಳನ್ನು ಇಡುವನು. ಸುಮಾರು ಇಪ್ಪತ್ತೈದನೆಯ ದಿನ ಕಣ್ಣುಗಳ ನಡುವಣ ಪಟ್ಟಿಯನ್ನು ಕತ್ತರಿಸಿ ಮೂಗನ್ನು ಒಪ್ಪಮಾಡುವನು.

ಈ ಕ್ರಮದ ಪ್ರಾಣವೆಲ್ಲವೂ ಕಣ್ಣುಗಳ ನಡುವೆ ಉಳಿಸಿದ ಆ ಕಿರುಪಟ್ಟಿಯಲ್ಲಿದೆ. ಶರೀರದಿಂದ ಪೂರ್ಣವಾಗಿ ಬೇರ್ಪಡಿಸಿದ ಚರ್ಮವು ರಕ್ತವಿಲ್ಲದೆ ಒಣಗಿ ಕೊಳೆಯುವುದು. ಆ ಪಟ್ಟಿಯ ಮೂಲಕ ರಕ್ತವು ಹರಿಯುತ್ತಿರುವುದರಿಂದ ಚರ್ಮವು ಹೊಸ ಸ್ಥಳದಲ್ಲಿ ಬೇರೂರುವ ವರೆಗೆ ಜೀವದಿಂದಿರುವುದು. ಕಸಿ ಕಟ್ಟಿದ ರೆಂಬೆಯನ್ನು ತಾಯಿಗಿಡದಿಂದ ಬೇಗನೆ ಕತ್ತರಿಸಬಾರದೆಂದು ತೋಟಗಾರನು ತಿಳಿದಿರುವಂತೆಯೇ ಇದು. ಮಣ್ಣನ್ನು ಅಳೆದು ತಟ್ಟಿ ಆಕಾರಕ್ಕೆ ತರುವ ಬೆರಳುಗಳಿಗೆ ಮೇಣದ ಹಾಳೆಯಿಂದ ಮೂಗಿನ ಅಚ್ಚನ್ನು ತೆಗೆಯುವ ಉಪಾಯವು ಸಹಜವಾಗಿಯೇ ಒದಗಿರಬೇಕು.

ಪುಣೆಯಲ್ಲಿ ಆಗ ಜೇಮ್ಸ್ ವೇಲ್ಸ್ ಎಂಬ ಸ್ಕಾಟ್ಲೆಂಡ್ ದೇಶದ ಚಿತ್ರಕಾರನಿದ್ದನು. ಅವನು ೧೭೯೧ರಲ್ಲಿ ಬೊಂಬಾಯಿಗೆ ಬಂದು, ರೆಸಿಡೆಂಟನಾದ ಚಾರಲ್ಸ್ ಮ್ಯಾಲೆಟ್ಟನ ಆಶ್ರಯದಲ್ಲಿ ಪೇಶ್ವೆ ಸವಾಯಿ ಮಾಧವರಾಯ, ನಾನಾ ಫಡನವೀಸ ಮೊದಲಾದವರ ಚಿತ್ರಗಳನ್ನು ಬರೆದು ಹೆಸರಾದವನು. ಶಸ್ತ್ರಕರ್ಮವಾದ ಹತ್ತು ತಿಂಗಳ ಮೇಲೆ, ೧೭೯೪ರ ಜನವರಿಯಲ್ಲಿ, ಅವನು ಕಾವಸಜಿಯ ಚಿತ್ರವನ್ನು ಬರೆದನು. ಅದನ್ನು ವಿಲಿಯಂ ನಟರ್ ಎಂಬ ಕೆತ್ತನೆಗಾರನು ತಾಮ್ರಪಟದಲ್ಲಿ ಕೆತ್ತಿದನು. ೧೭೯೪ರ ಅಕ್ಟೋಬರ್ ತಿಂಗಳ ಲಂಡನ್ನಿನ ಜಂಟಲ್‌ಮನ್ಸ್ ಮ್ಯಾಗಜಿನ್ ಎಂಬ ಪತ್ರಿಕೆಯಲ್ಲಿ ಬಿ. ಎಲ್. ಎಂಬ ಎರಡಕ್ಷರಗಳ ಸಹಿಯುಳ್ಳ ಪತ್ರವೊಂದು ಈ ಚಿತ್ರದೊಡನೆ ಪ್ರಕಟವಾಯಿತು. ಪೇಶ್ವೆಗಳನ್ನು ಬರೆದ ಕೈಯೇ ಎತ್ತು ಹೊಡೆಯುವವನನ್ನೂ ಬರೆಯಿತೆಂಬುದು ಇಲ್ಲಿ ಗಮನಿಸತಕ್ಕ ವಿಷಯ.

ಆ ಚಿತ್ರದಲ್ಲಿ ಮೊದಲು ಕಾಣುವುದು ಕಾವಸಜಿಯ ಮುಖ. ಹೊಸ ಮೂಗು ಮುಖಕ್ಕೆ ಒಪ್ಪಿದೆ. ಹಣೆಯಲ್ಲಿ ಚರ್ಮ ತೆಗೆದ ಕಲೆಯು ಉಳಿದಿದೆ. ಕಲೆಯನ್ನು ಚಿತ್ರಕಾರನು ಮರೆಮಾಡಲಿಲ್ಲ. ಬೇರೆ ಚಿತ್ರಗಳಲ್ಲಿ ದೋಷವೆನಿಸಬಹುದಾದ ಆ ಗುರುತೇ ವೈದ್ಯಚಿತ್ರದಲ್ಲಿ ಮುಖ್ಯ ಸಾಕ್ಷಿ. ಅದರೊಡನೆ ಮೇಣದ ಹಾಳೆಯ ಆಕಾರವನ್ನೂ ಹಣೆಯ ಮೇಲೆ ಎಳೆಯತಕ್ಕ ಗೆರೆಯನ್ನೂ ತೋರಿಸುವ ಸಣ್ಣ ರೇಖಾಚಿತ್ರಗಳಿವೆ. ಮುಖವನ್ನು ನೋಡಿದವನಿಗೆ ಕಾರ್ಯವು ಸಾಧ್ಯವೆಂಬ ನಂಬಿಕೆಯು ಹುಟ್ಟುವುದು. ರೇಖೆಗಳನ್ನು ನೋಡಿದವನಿಗೆ ಅದನ್ನು ಮಾಡುವ ಬಗೆಯು ತಿಳಿಯುವುದು. ನಂಬಿಕೆ, ತಿಳಿವಳಿಕೆಗಳೆರಡನ್ನೂ ಒಂದೇ ಪಟದಲ್ಲಿ ಕೊಡುವುದು ವೈದ್ಯಚಿತ್ರದ ಲಕ್ಷಣ. ಮನೂಚಿಯ ವರ್ಣನೆಯಲ್ಲಿ ಇಲ್ಲದುದು ಇದೇ.

ಫಲವು ಹೇಗಾಯಿತೆಂಬುದನ್ನು ನೋಡಬಹುದು. ಲಂಡನ್ನಿನಲ್ಲಿ ಜೋಸೆಫ್ ಕಾನ್‌ಸ್ಟಂಟೈನ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯನಿದ್ದನು. ಪಾಠ ಹೇಳುವಾಗ ಹಲಗೆಯ ಮೇಲೆ ಸೀಮೆಸುಣ್ಣದಿಂದ ಶರೀರದ ಚಿತ್ರಗಳನ್ನು ಬರೆದು ತೋರಿಸುವುದು ಅವನ ಪದ್ಧತಿಯಾಗಿದ್ದುದರಿಂದ ಅವನಿಗೆ ಸೀಮೆಸುಣ್ಣದ ಉಪಾಧ್ಯಾಯನೆಂಬ ಅಡ್ಡಹೆಸರು ಇದ್ದಿತು. ಭಾರತದ ಈ ಕ್ರಮವನ್ನು ತಿಳಿದು ಅವನು ಮೃತಶರೀರಗಳ ಮೇಲೆ ಅಭ್ಯಾಸ ಮಾಡಿದನು. ತಕ್ಕ ರೋಗಿಯು ದೊರೆಯುವ ವರೆಗೆ ವರ್ಷಗಟ್ಟಲೆ ಕಾದಿದ್ದು, ೧೮೧೪ರ ಅಕ್ಟೋಬರ್ ೨೩ರಂದು ಒಬ್ಬ ಸೈನ್ಯಾಧಿಕಾರಿಗೆ ಹಣೆಯ ಚರ್ಮದಿಂದ ಮೂಗನ್ನು ಮಾಡಿದನು. ಪ್ರಜ್ಞೆ ತಪ್ಪಿಸುವ ಔಷಧಗಳು ಆ ಕಾಲದಲ್ಲಿ ಇನ್ನೂ ಬಳಕೆಗೆ ಬಂದಿರಲಿಲ್ಲ. ರೋಗಿಯು ಎಚ್ಚರವಾಗಿಯೇ ಎಲ್ಲವನ್ನೂ ಸಹಿಸಬೇಕಾಗಿತ್ತು. ಕಾರ್ಯವು ಸಿದ್ಧಿಸಿತು. ಮತ್ತೊಬ್ಬನಿಗೂ ಹಾಗೆಯೇ ಮಾಡಿ, ೧೮೧೬ರಲ್ಲಿ ಈ ಎರಡು ಶಸ್ತ್ರಕರ್ಮಗಳ ವೃತ್ತಾಂತವನ್ನು ಚಿತ್ರಪಟಗಳೊಡನೆ ಪುಸ್ತಕವಾಗಿ ಪ್ರಕಟಿಸಿದನು. ೧೮೧೮ರಲ್ಲಿ ಜರ್ಮನಿಯ ಕಾರಲ್ ಫಾನ್ ಗ್ರೇಫನು ಇದೇ ವಿಷಯದ ಮೇಲೆ ಗ್ರಂಥವನ್ನು ಬರೆದನು. ಹೀಗೆ ಭಾರತೀಯ ಪದ್ಧತಿಯೆಂಬ ಹೆಸರಿನಿಂದಲೇ ಅದು ಯೂರೋಪಿನಲ್ಲೆಲ್ಲ ಹಬ್ಬಿತು. ಹಣೆಯ ಚರ್ಮದಿಂದ ಮೂಗನ್ನು ತಿದ್ದುವ ಕ್ರಮವು ಸುಧಾರಿಸಿದ ರೂಪದಲ್ಲಿ ಈಗಲೂ ಲೋಕದ ಆಸ್ಪತ್ರೆಗಳಲ್ಲಿ ನಡೆಯುತ್ತಲಿದೆ. ಅರ್ಬುದರೋಗದಿಂದ, ಎಂದರೆ ಕ್ಯಾನ್ಸರಿನಿಂದ, ಮೂಗನ್ನು ಕಳೆದುಕೊಂಡವರು ಅದರಿಂದ ಮುಖವನ್ನು ಮರಳಿ ಪಡೆಯುತ್ತಿರುವರು.

ಇಲ್ಲಿ ಒಂದು ಆಕ್ಷೇಪವು ಬರಬಹುದು. ಯೂರೋಪಿನವರಲ್ಲಿ ವೈದ್ಯಚಿತ್ರಗಳು ಮೊದಲೇ ಇರಲಿಲ್ಲವೇ? ಇದ್ದುವು. ವಿಜಯನಗರದಲ್ಲಿ ಸದಾಶಿವರಾಯನು ಪಟ್ಟದಲ್ಲಿದ್ದ ೧೫೪೩ರಲ್ಲಿಯೇ ವೆಸೇಲಿಯಸ್ ಎಂಬ ವೈದ್ಯನು ಶರೀರರಚನೆಯ ಮಹಾಗ್ರಂಥವನ್ನು ಅದ್ಭುತವಾದ ಚಿತ್ರಗಳೊಡನೆ ಅಚ್ಚುಹಾಕಿಸಿದ್ದನು. ಇಟಲಿಯ ಬೊಲೊನ್ಯ ನಗರದ ತಾಲ್ಯಾಕೊಟ್ಸಿಯು ತೋಳಿನ ಚರ್ಮದಿಂದ ಮೂಗನ್ನು ಮಾಡುವ ಕ್ರಮವನ್ನು ೧೫೯೭ರಲ್ಲಿ ಸಚಿತ್ರವಾಗಿ ಬರೆದಿದ್ದನು. ಆದರೆ ಆ ಕ್ರಮದಲ್ಲಿ ತೋಳನ್ನು ಮುಖಕ್ಕೆ ಬಿಗಿದು ಬಹುದಿನ ಅಲುಗಾಡದೆ ಇರಬೇಕಾಗಿತ್ತು. ಕಷ್ಟವು ಅಧಿಕವಾದುದರಿಂದ ಅದು ಕ್ರಮೇಣ ಬಳಕೆ ತಪ್ಪಿತು. ಇದರಿಂದ ತಿಳಿಯುವುದೇನು? ಚಿತ್ರವು ಎಷ್ಟೇ ಸುಂದರವಾಗಿದ್ದರೂ ಹಿಂದಿರುವ ಕೈಕೆಲಸವು ಉತ್ತಮವಾಗಿರಬೇಕು. ಕೈಕೆಲಸವು ಎಷ್ಟೇ ಉತ್ತಮವಾಗಿದ್ದರೂ ಅದನ್ನು ತೋರಿಸುವ ಚಿತ್ರವಿರಬೇಕು. ಅರಿವು ಕುರುಹುಗಳೆರಡೂ ಕೂಡಿದಲ್ಲಿಯೇ ಸಿದ್ಧಿ.

ಆದರೆ ಈ ಚರಿತ್ರೆಯಲ್ಲಿ ಒಂದು ದೊಡ್ಡ ಕೊರತೆಯುಂಟು. ಮೂಗು ಕಳೆದುಕೊಂಡವನ ಹೆಸರು ಉಳಿದಿದೆ. ನೋಡಿದ ವೈದ್ಯರ ಹೆಸರು, ಚಿತ್ರಕಾರನ ಹೆಸರು, ಕೆತ್ತಿದವನ ಹೆಸರು, ಲಂಡನ್ನಿನಲ್ಲಿ ಅನುಕರಿಸಿದವನ ಹೆಸರು, ಎಲ್ಲವೂ ಉಳಿದಿವೆ. ಕತ್ತಿಯನ್ನು ಹಿಡಿದ ಆ ಕುಶಲಕರ್ಮಿಯ ಹೆಸರು ಮಾತ್ರ ಉಳಿಯಲಿಲ್ಲ. ಅವನ ಕುಲವನ್ನು ಹೇಳಿ ಬಿಟ್ಟರು. ಮುಖದ ಎಲ್ಲ ಗೆರೆಗಳನ್ನೂ ಗುರುತಿಸಿದ ಪಟದಲ್ಲಿ ಮುಖವನ್ನು ಕೊಟ್ಟವನಿಗೆ ಎಡೆಯಿಲ್ಲವಾಯಿತು. ಚಿತ್ರಕಾರನಿಗೂ ಇಂಥ ಅನ್ಯಾಯವು ಆಗುವುದುಂಟು. ೧೮೫೮ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಇಂದಿಗೂ ವೈದ್ಯವಿದ್ಯಾರ್ಥಿಗಳು ಗ್ರೇ ಎಂಬವನ ಹೆಸರಿನಿಂದಲೇ ಕರೆಯುವ ಶರೀರರಚನೆಯ ಗ್ರಂಥಕ್ಕೆ ಚಿತ್ರಗಳನ್ನು ಬರೆದವನು ಹೆನ್ರಿ ವ್ಯಾಂಡೈಕ್ ಕಾರ್ಟರ್. ಅವನು ಅದೇ ವರ್ಷ ಬೊಂಬಾಯಿಗೆ ಬಂದು ಗ್ರಾಂಟ್ ವೈದ್ಯಕಾಲೇಜಿನಲ್ಲಿ ಪಾಠ ಹೇಳಿ, ಕುಷ್ಠಾದಿ ರೋಗಗಳ ವಿಚಾರದಲ್ಲಿ ಈ ದೇಶದಲ್ಲಿಯೇ ದುಡಿದನು. ಪುಸ್ತಕದ ಕೀರ್ತಿಯೂ ಆದಾಯವೂ ಗ್ರೇಯನ್ನು ಸೇರಿದುವು. ಚಿತ್ರಕಾರನಿಗೆ ಸಿಕ್ಕಿದುದು ಒಮ್ಮೆ ಕೊಟ್ಟ ಹಣವಷ್ಟೆ.

ಶರಣಮಾರ್ಗದವರಿಗೆ ಈ ಕೊರತೆಯು ವಿಶೇಷವಾಗಿ ಮನಸ್ಸಿಗೆ ತಾಗತಕ್ಕದ್ದು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಶರಣರು ಕಾಯಕದಲ್ಲಿ ಮೇಲುಕೀಳೆಂಬುದನ್ನು ಒಪ್ಪಲಿಲ್ಲ. ಅವರ ಗಣದಲ್ಲಿ ಮಾದಾರ ಚೆನ್ನಯ್ಯ, ಅಂಬಿಗರ ಚೌಡಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯ, ಕುಂಬಾರ ಗುಂಡಯ್ಯ ಮೊದಲಾದವರು ಕಾಯಕದ ಹೆಸರಿನೊಡನೆಯೇ ಪೂಜ್ಯರಾದರು. ಕಾಯಕದ ಹೆಸರು ಇದ್ದಿತು. ಅದರೊಡನೆ ಅವರ ಹೆಸರೂ ಇದ್ದಿತು. ಕುಂಬಾರ ಗುಂಡಯ್ಯನ ಚರಿತ್ರೆಯನ್ನು ಹರಿಹರ ಮಹಾಕವಿಯು ರಗಳೆಯಾಗಿ ಬರೆದುದರಿಂದ ಗಡಿಗೆ ಮಾಡುತ್ತಿದ್ದ ಆ ಶರಣನನ್ನು ಇಂದಿಗೂ ಭಕ್ತಸಮೂಹವು ನೆನೆಯುತ್ತಿದೆ. ಪುಣೆಯ ಕುಂಬಾರನಿಗೆ ಹರಿಹರನಂಥವನೊಬ್ಬನು ದೊರೆಯಲಿಲ್ಲ. ಅವನ ಕೈಯ ಅರಿವು ಲೋಕವನ್ನು ಸುತ್ತಿತು. ಅವನ ಹೆಸರು ಅವನ ಊರಿನ ಮಣ್ಣಿನಲ್ಲಿಯೇ ಉಳಿಯಿತು.

ಇದಕ್ಕೆ ಹೊರಗಿನವರನ್ನು ಮಾತ್ರ ದೂಷಿಸುವುದು ನ್ಯಾಯವಲ್ಲ. ಈ ದೇಶದಲ್ಲಿ ಶಾಸ್ತ್ರವನ್ನು ಓದಿದವನು ಕತ್ತಿಯನ್ನು ಮುಟ್ಟದೆ ಹೋದನು. ಕತ್ತಿಯನ್ನು ಹಿಡಿದವನಿಗೆ ಶಾಸ್ತ್ರವನ್ನು ಓದಿಸಲಿಲ್ಲ. ರಕ್ತವನ್ನು ಮುಟ್ಟುವ ಕೆಲಸವು ಕೀಳೆಂಬ ಭಾವನೆಯು ಬಲಿತಂತೆ ಸುಶ್ರುತನ ವಿದ್ಯೆಯು ಪಂಡಿತರ ಮನೆಯಲ್ಲಿ ಶ್ಲೋಕವಾಗಿಯೂ ಕುಂಬಾರ ನಾಯಿಂದರ ಮನೆಯಲ್ಲಿ ಕೈಚಳಕವಾಗಿಯೂ ಎರಡಾಗಿ ಒಡೆಯಿತು. ಬಲ್ಲ ಮನೆತನಗಳು ತಮ್ಮ ವಿದ್ಯೆಯನ್ನು ಮಗನಿಗಲ್ಲದೆ ಮತ್ತೊಬ್ಬನಿಗೆ ಹೇಳದಾದುವು. ಹಂಚಿದರೆ ಜೀವನಕ್ಕೆ ಕುಂದಾದೀತೆಂಬ ಭಯವು ಬಡವನಿಗೆ ಸಹಜವಾದುದು. ಆದರೆ ಹಂಚದ ವಿದ್ಯೆಯು ಮುಚ್ಚಿಟ್ಟ ಕಣಜದ ಧಾನ್ಯದಂತೆ ಒಳಗೊಳಗೇ ಮುಗ್ಗುವುದು. ಅನ್ನದಾಸೋಹವು ಹಸಿದವನಿಗೆ ಎಷ್ಟು ಅಗತ್ಯವೋ ಅರಿವಿನ ದಾಸೋಹವು ಮುಂದಿನ ಪೀಳಿಗೆಗೆ ಅಷ್ಟೇ ಅಗತ್ಯ.

ಈಗ ಕಾಲವು ಬದಲಾಗಿದೆ. ಕಾವಸಜಿಯು ಎತ್ತು ಹೊಡೆದುಕೊಂಡು ಬಂದ ಸೀಮೆಯಲ್ಲಿಯೇ, ಬೆಳ್ಳೂರಿನ ಸಮೀಪದ ಬಾಲಗಂಗಾಧರನಾಥನಗರದಲ್ಲಿ, ಶ್ರೀ ಆದಿಚುಂಚನಗಿರಿ ಮಠದ ಆಶ್ರಯದಲ್ಲಿ ೧೯೮೬ರಿಂದ ವೈದ್ಯಕಾಲೇಜು ನಡೆಯುತ್ತಲಿದೆ. ಇಂಥ ವಿದ್ಯಾಲಯಗಳಲ್ಲಿ ಎಲ್ಲ ಕುಲಗಳ ಮಕ್ಕಳೂ ಒಂದೇ ಪೀಠದಲ್ಲಿ ಕುಳಿತು ಶಾಸ್ತ್ರವನ್ನು ಓದುವರು. ಅವರೇ ಕತ್ತಿಯನ್ನೂ ಹಿಡಿಯುವರು. ಒಡೆದುಹೋಗಿದ್ದ ವಿದ್ಯೆಯು ಹೀಗೆ ಮತ್ತೆ ಒಂದಾಯಿತು. ಗೋಡೆಯ ಚಿತ್ರಪಟ, ಮೇಣದ ಮಾದರಿ, ಛಾಯಾಚಿತ್ರ, ಗಣಕಯಂತ್ರದ ತೆರೆಯ ಮೇಲೆ ತಿರುಗುವ ಶರೀರದ ಆಕೃತಿ — ಸಾಧನಗಳು ಎಷ್ಟೋ ಬಂದಿವೆ. ಆದರೂ ಕೈಯಿಂದ ಬರೆದ ಚಿತ್ರಕ್ಕೆ ಬೆಲೆಯು ಕುಂದಿಲ್ಲ. ಛಾಯಾಚಿತ್ರವು ಎದುರಿಗಿರುವ ರಕ್ತ, ಬಟ್ಟೆ, ನೆರಳು ಎಲ್ಲವನ್ನೂ ಒಂದೇ ಸಮನಾಗಿ ಹಿಡಿಯುವುದು. ಬಲ್ಲ ಚಿತ್ರಕಾರನು ಬೇಕಾದುದನ್ನು ಎತ್ತಿ ತೋರಿಸಿ ಬೇಡವಾದುದನ್ನು ಬಿಡುವನು. ಬಿಡುವುದನ್ನು ಬಲ್ಲವನೇ ಗುರುವೆಂಬ ಮಾತು ಇಲ್ಲಿಗೂ ಸಲ್ಲುವುದು.

ಗ್ರಾಮಗಳಲ್ಲಿ ಮೂಳೆ ಕಟ್ಟುವವರು, ಸೂಲಗಿತ್ತಿಯರು, ದನಗಳ ರೋಗವನ್ನು ಬಲ್ಲವರು ಈಗಲೂ ಅಲ್ಲಲ್ಲಿ ಇರುವರು. ಅವರ ಕ್ರಮಗಳಲ್ಲಿ ಎಲ್ಲವೂ ಗ್ರಾಹ್ಯವೆಂದು ಹೇಳಲಾಗದು. ಪರೀಕ್ಷೆಗೆ ನಿಲ್ಲದುದನ್ನು ಬಿಡಲೇಬೇಕು. ಆದರೆ ಪರೀಕ್ಷೆ ಮಾಡುವುದಕ್ಕಾದರೂ ಅದು ಮೊದಲು ಬರೆದಿಡಲ್ಪಟ್ಟಿರಬೇಕು. ಓಲೆಗರಿಗಳನ್ನು ಕಾಪಾಡುವ ಮಠಗಳೂ ಓದಿದ ಶಿಷ್ಯವರ್ಗವೂ ಈ ಕಾರ್ಯಕ್ಕೆ ಕೈಹಾಕಬಹುದು. ಬಲ್ಲವರ ಒಪ್ಪಿಗೆಯನ್ನು ಪಡೆದು, ಅವರ ಕೈ ಎಲ್ಲಿ ಹಿಡಿಯುವುದು, ಎಲ್ಲಿ ಒತ್ತುವುದು, ಯಾವ ಪಟ್ಟಿಯನ್ನು ಎಷ್ಟು ದಿನ ಕಟ್ಟುವುದು ಎಂಬುದನ್ನು ರೇಖೆಗಳಲ್ಲಿ ಬರೆಸತಕ್ಕದ್ದು. ಚಿತ್ರದ ಕೆಳಗೆ ಆ ಕೈ ಯಾರದೆಂಬುದನ್ನು ಊರು ಹೆಸರುಗಳೊಡನೆ ಬರೆಯತಕ್ಕದ್ದು. ೧೭೯೪ರ ಪಟದಲ್ಲಿ ಬಿಟ್ಟುಹೋದುದು ಆ ಒಂದು ಸಾಲು. ಮುಂದೆ ಬರೆಯುವ ಯಾವ ಪಟದಲ್ಲಿಯೂ ಅದು ಬಿಡದಿರಲಿ.

ದೇಹವನ್ನೇ ದೇಗುಲವೆಂದು ಭಾವಿಸಿದ ಶರಣರ ದೃಷ್ಟಿಯಲ್ಲಿ, ಭಿನ್ನವಾದ ಆ ದೇಗುಲವನ್ನು ಜೀರ್ಣೋದ್ಧಾರ ಮಾಡುವ ವೈದ್ಯನ ಕಾಯಕವೂ, ಅದರ ರೇಖೆಯನ್ನು ಮುಂದಿನವರಿಗಾಗಿ ಬರೆದಿಡುವ ಚಿತ್ರಕಾರನ ಕಾಯಕವೂ ಶಿವಸೇವೆಯೇ ಸರಿ. ಹೆಸರು ಅಳಿದುಹೋದ ಆ ಕುಂಬಾರನ ಕೈಗಳಿಗೂ ಆ ಸೇವೆಯಲ್ಲಿ ಮೊದಲ ಮರ್ಯಾದೆಯು ಸಲ್ಲತಕ್ಕದ್ದು. ಸರ್ವರಿಗೂ ಶಿವನು ಆರೋಗ್ಯವನ್ನೂ ಅರಿವನ್ನೂ ಕರುಣಿಸಲಿ.